ಬಾವುಟ ಸರಿಸದ ದಿನ

ಕೋವಿಡ್ ಗಲಾಟೆ ಮುಗಿದು, ಎರಡು ವರ್ಷ ಮನೆಯಲ್ಲಿ ಕೂತಿದ್ದ ಜನವೆಲ್ಲ ಗೋವಾದ ಮೇಲೆ ಮುಗಿಬಿದ್ದ ವರ್ಷವದು. ನಾನಾಗ ದಕ್ಷಿಣ ಗೋವಾದ ಒಂದು ಕಡಲತೀರದಲ್ಲಿ ಲೈಫ್‌ಗಾರ್ಡ್ ಟವರಿನ ಇನ್‌ಚಾರ್ಜ್ ಆಗಿದ್ದೆ. ತೀರದ ಹೆಸರು ಬರೆಯುವುದಿಲ್ಲ, ಅದರ ತಪ್ಪೇನೂ ಇರಲಿಲ್ಲ. ಹದಿನಾಲ್ಕು ವರ್ಷದ ಸರ್ವಿಸ್, ಕೈಕೆಳಗೆ ನಾಲ್ಕು ಜನ, ಕೊರಳಲ್ಲಿ ಸೀಟಿ. ನನ್ನ ಹೆಸರು ಯಮನಪ್ಪ. ಜೀವ ಉಳಿಸುವ ಕೆಲಸಕ್ಕೆ ಎಂಥ ಹೆಸರಿನವನನ್ನು ಹುಡುಕಿ ತಂದಿದ್ದಾರಪ್ಪ ಎಂದು ವಾಸ್ಕೋದ ನಮ್ಮ ಮಂಗೋರ್ ಹಿಲ್‌ನ ಓಣಿಯವರು ಇವತ್ತಿಗೂ ನಗುತ್ತಾರೆ.

ನಮ್ಮಪ್ಪ ವಾಸ್ಕೋದ ಬಂದರಿನಲ್ಲಿ ಹಮಾಲಿ ಮಾಡಲು ಕೊಲ್ಹಾರದ ಕಡೆಯಿಂದ ಬಂದವರು. ನಾನು ಈಜು ಕಲಿತದ್ದು ರಜೆಗೆ ಊರಿಗೆ ಹೋದಾಗ, ಕೃಷ್ಣಾ ನದಿಯಲ್ಲಿ. ಸಮುದ್ರದ ವಿದ್ಯೆಯನ್ನು ತರಬೇತಿಯಲ್ಲಿ ಕಲಿತೆ, ಪರೀಕ್ಷೆಯಲ್ಲಿ ಎರಡನೆಯವನಾಗಿ ಪಾಸಾದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮೈಬೂಬ ಯಾವ ಪರೀಕ್ಷೆಯಲ್ಲೂ ಹತ್ತರೊಳಗೆ ಬಂದವನಲ್ಲ.

ಮೈಬೂಬ ಸವಣೂರಿನ ಕಡೆಯವನು. ನಮ್ಮ ಮನೆಯಿಂದ ಮೂರನೆಯ ಓಣಿ. ಮೀನಿನ ಟ್ರಾಲರ್ ಮೇಲೆ ಹತ್ತು ವರ್ಷ ಬಲೆ ಎಳೆದು ಸಾಕಾಗಿ, ನಮ್ಮ ಮನೆಗೆ ಬಂದು, "ಯಮನಣ್ಣಾ, ನನಗೂ ಒಂದ್ ದಾರಿ ತೋರಸ್ರಿ" ಎಂದು ಕೇಳಿದ್ದ. ಅವನ ಅರ್ಜಿ ತುಂಬಿಸಿದವನು ನಾನು. ಉಸಿರು ನಿಂತವರ ಎದೆ ಹೇಗೆ ಒತ್ತಬೇಕು, ಬಾಯಿಗೆ ಉಸಿರು ಹೇಗೆ ಊದಬೇಕು ಎಂದು ಹೇಳಿಕೊಟ್ಟವನೂ ನಾನೇ. ನಾಲ್ಕು ವರ್ಷದಲ್ಲಿ ಅವನು ನಮ್ಮ ತೀರದ ರಾಜನಾದ.

ಉಳಿದವರಂತೆ ಸೀಟಿ ಊದಿ ಕೂಗಾಡುವುದು ಅವನಿಗೆ ಬೇಕಿರಲಿಲ್ಲ. ನಗುತ್ತ ಹೋಗಿ ಎರಡು ಮಾತಾಡಿದರೆ ಕುಡಿದವರೂ ನೀರಿನಿಂದ ಎದ್ದು ಬರುತ್ತಿದ್ದರು. ಕೊಂಕಣಿ, ಹಿಂದಿ, ಮರಾಠಿ ಸರಿ. ರಷ್ಯನ್ನರ ಜೊತೆ ರಷ್ಯನ್ ಭಾಷೆಯಲ್ಲೂ ಏನೋ ಗೊಣಗಿ ನಗಿಸುತ್ತಿದ್ದ. ಅವನು ಕಾಪಾಡಿದ ಪುಣೆಯ ಜೋಡಿಯೊಂದು ಮುಂದಿನ ವರ್ಷ ಅದೇ ದಿನ ಟವರಿಗೆ ಕೇಕ್ ತಂದಿತು. ನಮಗೆ ಸಂಬಳ ಕೊಡುವ ಕಂಪನಿಯವರು ಅವನ ಫೋಟೋವನ್ನು ಕ್ಯಾಲೆಂಡರಿನಲ್ಲಿ ಹಾಕಿದರು. ಆ ಕ್ಯಾಲೆಂಡರನ್ನು ನಮ್ಮ ಟವರಿನಲ್ಲಿ ನನ್ನ ಕುರ್ಚಿಯ ಎದುರಿಗೇ ತೂಗುಹಾಕಿದ್ದರು. ಹನ್ನೆರಡು ತಿಂಗಳು ನಾನು ಅವನ ಹಲ್ಲು ನೋಡುತ್ತ ಚಹಾ ಕುಡಿದಿದ್ದೇನೆ. ತೀರದ ನಾಯಿಗಳು ಕೂಡ ನನ್ನ ಬಿಸ್ಕೀಟು ತಿಂದು ಅವನ ಕಾಲ ಬಳಿ ಹೋಗಿ ಮಲಗುತ್ತಿದ್ದವು.

ಮನೆಯಲ್ಲಿ ಇದನ್ನೆಲ್ಲ ಹೇಳಿಕೊಂಡರೆ ನನ್ನ ಹೆಂಡತಿ ರೇಣವ್ವ ರೊಟ್ಟಿ ಬಡಿಯುವುದನ್ನೂ ನಿಲ್ಲಿಸದೆ, "ಅಂವಾ ಚಲೋ ಅದಾನು ಅಂತ ನಿಮಗ ಹೊಟ್ಟಿಕಿಚ್ಚು. ಅಷ್ಟ" ಎನ್ನುತ್ತಿದ್ದಳು. ಹೊಟ್ಟೆಕಿಚ್ಚೇ, ಮತ್ತಿನ್ನೇನು. ಅವನು ಬರುವವರೆಗೆ ಟವರಿನಲ್ಲಿ ಎಲ್ಲರೂ ಕೇಳುತ್ತಿದ್ದುದು ನನ್ನ ಮಾತನ್ನು.

ಇಲ್ಲಿ ನಮ್ಮ ಕೆಲಸದ ಒಂದು ಸಂಗತಿ ತಿಳಿಸಬೇಕು. ದಡಕ್ಕೆ ಬಂದ ಅಲೆಗಳ ನೀರು ಹಿಂದಿರುಗುವಾಗ ಒಂದೇ ಕಿರಿದಾದ ದಾರಿ ಹಿಡಿದು ರಭಸದಿಂದ ಒಳಕ್ಕೆ ಹೋಗುತ್ತದೆ. ಇದಕ್ಕೆ ರಿಪ್ ಕರೆಂಟ್ ಎನ್ನುತ್ತಾರೆ. ನಾವು ಸೆಳವು ಎನ್ನುತ್ತೇವೆ. ಸೆಳವಿನ ಜಾಗದಲ್ಲಿ ತಳ ಆಳವಿರುವುದರಿಂದ ಅಲೆ ಒಡೆಯುವುದಿಲ್ಲ. ಎರಡೂ ಪಕ್ಕ ನೊರೆ ಹಾರುತ್ತಿದ್ದರೆ ನಡುವೆ ನೀರು ಶಾಂತವಾಗಿ ಕಾಣುತ್ತದೆ. ನದಿ, ಕೆರೆ ಕಂಡ ನಮ್ಮ ಬಯಲುಸೀಮೆಯ ಜನ ಅಲೆಗೆ ಹೆದರಿ ಸೀದಾ ಆ ಶಾಂತ ಜಾಗಕ್ಕೇ ಇಳಿಯುತ್ತಾರೆ. ಅದಕ್ಕೇ ಸುರಕ್ಷಿತ ಜಾಗದ ಎಡಕ್ಕೆ ಮತ್ತು ಬಲಕ್ಕೆ ಕೆಂಪು-ಹಳದಿ ಬಾವುಟ ನೆಡುವುದು. ಅವುಗಳ ನಡುವೆ ಮಾತ್ರ ನೀರಿಗಿಳಿಯಬೇಕು. ಮಳೆಗಾಲ ಮುಗಿದ ಹೊಸತರಲ್ಲಿ ತಳದ ಮರಳು ದಿನಕ್ಕೊಂದು ಕಡೆ ಸರಿಯುತ್ತದೆ, ಜೊತೆಗೆ ಸೆಳವೂ ಸರಿಯುತ್ತದೆ. ಬಾವುಟವನ್ನೂ ಸರಿಸುತ್ತಿರಬೇಕು.

ಬಾವುಟದ ಕೆಲಸ ಎಲ್ಲರೂ ಕಲಿಯಲಿ ಎಂದು ದಿನಕ್ಕೊಬ್ಬರಿಗೆ ಹಂಚಬೇಕೆಂಬುದು ಕಂಪನಿಯ ನಿಯಮ. ನಾನು ದಿನಕ್ಕೊಬ್ಬರ ಹೆಸರನ್ನು ಲಾಗ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ, ಬಾವುಟವನ್ನು ಮಾತ್ರ ನಾನೇ ನೆಡುತ್ತಿದ್ದೆ. ಒಬ್ಬರಿಗೂ ಮುಟ್ಟಲು ಬಿಟ್ಟವನಲ್ಲ. ಟವರಿನ ಯಜಮಾನಿಕೆಯೆಂದರೆ ನನ್ನ ಪಾಲಿಗೆ ಆ ಎರಡು ಬಾವುಟಗಳೇ.

ಅಂದು ದಸರಾ ರಜೆಯ ಶನಿವಾರ. ಲಾಗ್‌ಬುಕ್ಕಿನ ಬಾವುಟದ ಕಾಲಮ್ಮಿನಲ್ಲಿ ಮೈಬೂಬನ ಹೆಸರು ಬರೆದು, ಏಳೂವರೆಗೆ ನಾನೇ ಹೋಗಿ ನೆಟ್ಟು ಬಂದೆ. ಹನ್ನೊಂದರ ಹೊತ್ತಿಗೆ ಮೈಬೂಬ ನೀರಿನಂಚಿನಿಂದ ಓಡಿಬಂದು ಟವರಿನ ಕೆಳಗೆ ನಿಂತ.

"ಅಣ್ಣಾ, ಸೆಳವು ಸರದೈತ್ರಿ. ಬಲಗಡಿ ಝಂಡಾದ ಒಳಗ ಬಂದೈತಿ. ನೊರಿ ಒಳಗ ಹೊಂಟೈತಿ ನೋಡ್ರಿ. ಝಂಡಾ ಕಿತ್ತು ಎಡಕ್ಕ ಒಂದ್ ಐವತ್ತ್ ಹೆಜ್ಜಿ ಸರಸೂಣ್ರಿ."

ಅವನು ಹೇಳಿದ್ದು ಉಳಿದ ಮೂವರಿಗೂ ಕೇಳಿಸಿತ್ತು. ಮೂವರೂ ನೀರು ನೋಡಲಿಲ್ಲ, ನನ್ನ ಮುಖ ನೋಡಿದರು. ನಾನೂ ನೀರು ನೋಡಲಿಲ್ಲ. ನನಗೆ ಕಂಡದ್ದು ಕ್ಯಾಲೆಂಡರಿನ ಆ ಹಲ್ಲು.

"ಮುಂಜಾನಿ ನಾನ ನಿಂತು ನೆಟ್ಟೇನಿ. ನೀ ನಿನ್ನ ಕೆಲಸ ನೋಡ್ಕೊ ಹೋಗ" ಎಂದೆ. ಅವನು ಹೋದ ಮೇಲೆ ಲಾಗ್‌ಬುಕ್ಕಿನಲ್ಲಿ 'ಹನ್ನೊಂದು ಗಂಟೆ, ಬಾವುಟ ಪರಿಶೀಲಿಸಲಾಗಿದೆ, ಸರಿ ಇದೆ' ಎಂದು ಬರೆದೆ. ಪರಿಶೀಲಿಸಿರಲಿಲ್ಲ.

ಅರ್ಧ ಗಂಟೆಯಲ್ಲಿ ಮುದ್ದೇಬಿಹಾಳದ ಕಡೆಯ ಒಂದು ಕ್ರೂಸರ್ ಗಾಡಿ ಬಂದು ನಿಂತಿತು. ಒಂಬತ್ತು ಜನ, ಬುತ್ತಿಗಂಟಿನ ಸಮೇತ. ನಾನು ಫೋನಿನಲ್ಲಿ ಮನೆಯವಳೊಂದಿಗೆ ಆಡುತ್ತಿದ್ದ ಮಾತು ಕೇಳಿ ಒಬ್ಬಳು ಹೆಣ್ಣುಮಗಳು ಹತ್ತಿರ ಬಂದಳು. ಮೂವತ್ತರ ಒಳಗಿನವಳು. ಆಮೇಲೆ ತಿಳಿಯಿತು, ಹೆಸರು ಶಿವಲೀಲಾ.

"ಅಣ್ಣಾರ, ನೀವು ನಮ್ಮ ಕಡ್ಯಾವ್ರೇನ್ರಿ? ಸಮುದ್ರ ಇದ ಮೊದಲ ಸಲ ನೋಡಾಕತ್ತೇವಿ. ಎಲ್ಲಿ ಇಳಿಬೇಕ್ರಿ?"

ಅವಳ ಮಾತು ಕಿವಿಗೆ ಬಿದ್ದದ್ದೇ ನನ್ನ ಎದೆ ಉಬ್ಬಿತು. ಐದು ಜನರಲ್ಲಿ ನನ್ನನ್ನೇ ಹುಡುಕಿ ಬಂದಿದ್ದಳಲ್ಲ. "ಆ ಎರಡು ಝಂಡಾದ ನಡುವ ಇಳೀರಿ. ಏನೂ ಚಿಂತಿ ಇಲ್ಲ, ನಾ ಅದೇನಿ" ಎಂದೆ.

ನಮ್ಮ ಜನ ಹೇಗೆ ಇಳಿಯುತ್ತಾರೋ ಹಾಗೇ ಇಳಿದರು. ಸೀರೆಯ ನೆರಿಗೆ ಎತ್ತಿಕೊಂಡು, ಕೈ ಕೈ ಹಿಡಿದು, ಸಾಲಾಗಿ. ಎಡಗಡೆ ಅಲೆ ಹೊಡೆಯುತ್ತಿದ್ದವು, ಸಾಲು ಒಂದೊಂದೇ ಹೆಜ್ಜೆ ಬಲಕ್ಕೆ, ನೀರು ಶಾಂತವಾಗಿದ್ದ ಕಡೆಗೆ ಸರಿಯಿತು. ಬಾವುಟದ ಒಳಗೇ ಇದ್ದರು. ಮೊಣಕಾಲಿನ ನೀರು ಸೊಂಟಕ್ಕೆ ಬಂತು. ಕೈ ತಪ್ಪಿ ಸಾಲು ನಡುವೆ ತುಂಡಾಯಿತು. ತುದಿಯಲ್ಲಿದ್ದ ಶಿವಲೀಲಾ ಮತ್ತು ಅವಳ ಗಂಡ ಇಬ್ಬರೂ ನೋಡುನೋಡುತ್ತಲೇ ದಡದಿಂದ ಮೂವತ್ತು ಮೀಟರ್ ಆಚೆ ಇದ್ದರು.

ನಾನು ಸೀಟಿ ಊದುವಷ್ಟರಲ್ಲಿ ಮೈಬೂಬ ನೀರಿನಲ್ಲಿದ್ದ. ಅವನು ಬಲಗಡೆಯ ಬಾವುಟದ ಬುಡದಲ್ಲೇ ನಿಂತಿದ್ದ. ಅರ್ಧ ಗಂಟೆಯಿಂದ ಅಲ್ಲೇ ನಿಂತು, ಆ ಕಡೆ ಬಂದವರನ್ನೆಲ್ಲ ಕೈಮಾಡಿ ಎಡಕ್ಕೆ ಕಳುಹಿಸುತ್ತಿದ್ದನಂತೆ. ಇವರಿಗೂ ಕೈಮಾಡಿದ್ದ. ಆದರೆ ಟವರಿನ ಅಣ್ಣನೇ ಹೇಳಿದ ಜಾಗವದು, ಅವರು ಅವನ ಮಾತು ಯಾಕೆ ಕೇಳಿಯಾರು? ಅವನು ಬೇಕೆಂದೇ ಸೆಳವಿನೊಳಗೆ ಬಿದ್ದು, ಅದು ಎಳೆದ ಕಡೆಗೇ ಕೈಬೀಸಿ ಕ್ಷಣದಲ್ಲಿ ಅವಳನ್ನು ತಲುಪಿದ. ನಾನು ನದಿಯವನು, ಪಕ್ಕದ ಅಲೆಗಳಲ್ಲಿ ಸೆಣಸಾಡಿ ಹೋಗಿ ಗಂಡನನ್ನು ಹಿಡಿದೆ.

ಗಂಡ ದಡಕ್ಕೆ ಬಂದು ಕೆಮ್ಮಿದ. ಅವಳು ಕೆಮ್ಮಲಿಲ್ಲ. ಮರಳಿನ ಮೇಲೆ ಮಲಗಿಸಿದಾಗ ತುಟಿ ನೀಲಿಗಟ್ಟಿತ್ತು, ಉಸಿರಿರಲಿಲ್ಲ. ಮೈಬೂಬ ಉಸಿರು ಕೊಡುವ ಮಾಸ್ಕನ್ನು ಅವಳ ಬಾಯಿಗಿಟ್ಟು ಊದಿದ, ನಾನು ಎದೆ ಒತ್ತಿದೆ. ಮೂವತ್ತು ಸಲ ಒತ್ತು, ಎರಡು ಸಲ ಉಸಿರು. ಪಕ್ಕದಲ್ಲಿ ಅವಳ ಅತ್ತೆ ಮರಳು ಬಡಿದುಕೊಂಡು ಅಳುತ್ತಿದ್ದರು. ನಾಲ್ಕನೆಯ ಸುತ್ತಿನಲ್ಲಿ ಅವಳು ನೀರು ಕಾರಿದಳು, ಆಮೇಲೆ ನರಳಿದಳು. ಅಷ್ಟು ಚೆಂದದ ಸದ್ದನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಆಂಬುಲೆನ್ಸ್ ಅವಳನ್ನು ಕರೆದುಕೊಂಡು ಹೋಯಿತು.

ಮೈಬೂಬ ಎದ್ದು, ನನ್ನನ್ನು ಕೇಳದೆ, ಆ ಬಾವುಟ ಕಿತ್ತು ಐವತ್ತು ಹೆಜ್ಜೆ ಎಡಕ್ಕೆ ನೆಟ್ಟ. ನಾನು ಕೂತಲ್ಲೇ ಕೂತಿದ್ದೆ.

ಮರುದಿನ ನಮ್ಮ ಸೆಕ್ಟರಿನ ತೀರಗಳನ್ನೆಲ್ಲ ನೋಡಿಕೊಳ್ಳುವ ಕಂಪನಿಯ ಸಾಹೇಬರು ವಿಚಾರಣೆಗೆ ಬಂದರು. ಸೆಳವು ಬಾವುಟದ ಒಳಗೆ ಹೇಗಿತ್ತು ಎಂದು ಹಿಂದಿಯಲ್ಲಿ ಕೇಳಿದರು. ಲಾಗ್‌ಬುಕ್ ತೆರೆದರು. ಬಾವುಟದ ಕೆಲಸ: ಮೈಬೂಬ. ಬರಹ ನನ್ನದೇ. ಸಾಹೇಬರು ಅವನ ಕಡೆ ತಿರುಗಿದರು. ಅವನು ಒಮ್ಮೆ ನನ್ನನ್ನು ನೋಡಿ ತಲೆ ತಗ್ಗಿಸಿದ, ಏನೂ ಹೇಳಲಿಲ್ಲ. ನನ್ನ ಬಾಯಿಗೂ ಬೀಗ ಬಿತ್ತು. ಉಳಿದ ಮೂವರು ಇನ್‌ಚಾರ್ಜನ ಎದುರು ಬಾಯಿ ಬಿಡುವವರಲ್ಲ. ತೀರ್ಮಾನವಾಗುವವರೆಗೆ ಮನೆಯಲ್ಲಿರು, ತಪ್ಪು ಖಚಿತವಾದರೆ ಕೆಲಸ ಹೋಗುತ್ತದೆ ಎಂದು ಹೇಳಿ ಸಾಹೇಬರು ಅವನ ಸೀಟಿ ತೆಗೆದುಕೊಂಡರು.

ಸುಳ್ಳು ಬರೆಯುವುದಿಲ್ಲ. ಆ ಹೊತ್ತು ನನಗೆ ಸಂತೋಷವಾಯಿತು. ನಾಚಿಕೆಗೆಟ್ಟ ಸಂತೋಷ, ಆದರೂ ಸಂತೋಷವೇ. ಮರುದಿನ ಟವರಿಗೆ ಹೋಗಿ ಕ್ಯಾಲೆಂಡರನ್ನು ಗೋಡೆಗೆ ಮುಖಮಾಡಿ ತಿರುಗಿಸಿದೆ. ಚಹಾದ ಅಂಗಡಿಯವನು ನನ್ನನ್ನು ಕೂರಿಸಿ, ಆ ಹೆಂಗಸನ್ನು ಹೇಗೆ ಬದುಕಿಸಿದಿರಿ ಎಂದು ಕೇಳಿದ. ಬಹಳ ವರ್ಷಗಳ ಮೇಲೆ ಯಾರೋ ನನ್ನನ್ನು ಕೇಳುತ್ತಿದ್ದರು. ಹೇಳಿದೆ. ಮೈಬೂಬನ ಹೆಸರು ಹೇಳಲಿಲ್ಲ.

ನಾಲ್ಕನೆಯ ದಿನ ಆ ಕ್ರೂಸರ್ ಮತ್ತೆ ಬಂತು. ಶಿವಲೀಲಾಳನ್ನು ಆಸ್ಪತ್ರೆಯಿಂದ ಬಿಟ್ಟಿದ್ದರು, ಊರಿಗೆ ಹೊರಟಿದ್ದರು. ಅವಳ ಅತ್ತೆ ಗಾಡಿಯಿಂದ ಇಳಿಯಲೇ ಇಲ್ಲ. ಅವಳು ಗಂಡನ ತೋಳು ಹಿಡಿದು ನಿಧಾನವಾಗಿ ಬಂದು, ನನ್ನ ಕೈಗೊಂದು ತೆಂಗಿನಕಾಯಿ ಕೊಟ್ಟು ಕಾಲು ಮುಟ್ಟಲು ಬಾಗಿದಳು. ನಾನು ಹಿಂದೆ ಸರಿದೆ.

"ಅಣ್ಣಾರ, ಒಂದ್ ಮಾತ್ ಕೇಳ್ತೇನ್ರಿ" ಎಂದಳು. "ನೀವು ಹೇಳಿದ ಜಾಗದಾಗ ಇಳಿದಿದ್ವಿ. ಝಂಡಾ ದಾಟಿಲ್ಲ. ಆದ್ರೂ ನಮ್ಮ ಅತ್ತಿಯಾರು ನಿನ್ನ ಹುಚ್ಚಾಟಕ್ಕ ನನ್ನ ಮಗ ಸಾಯ್ತಿದ್ದ ಅಂತಾರ. ಮೂರ್ ದಿನದಿಂದ ನನ್ನ ಕೂಡ ಮಾತಿಲ್ಲ. ನಂದ್ ಏನ್ ತಪ್ಪಾತ್ರಿ?"

ನನ್ನ ಮೇಲೆ ಸಿಟ್ಟಿನಿಂದ ಕೇಳಿದ್ದಲ್ಲ. ಅವಳಿಗೆ ನಿಜವಾಗಿ ಗೊತ್ತಾಗಬೇಕಿತ್ತು. ಇಬ್ಬರು ನನ್ನ ತಪ್ಪನ್ನು ಹೊತ್ತುಕೊಂಡಿದ್ದರು: ಒಬ್ಬ ಮಂಗೋರ್ ಹಿಲ್‌ನಲ್ಲಿ ಸೀಟಿ ಕಳೆದುಕೊಂಡು ಕೂತಿದ್ದ, ಇನ್ನೊಬ್ಬಳು ನನ್ನೆದುರು ನಿಂತಿದ್ದಳು. ಕೈಯಲ್ಲಿದ್ದ ಕಾಯಿ ಭಾರವಾಯಿತು. ನಾನು ಗಾಡಿಯ ಹತ್ತಿರ ಹೋಗಿ ಕಿಟಕಿಯಲ್ಲಿ ಕೂತಿದ್ದ ಅತ್ತೆಗೆ ಕೈಮುಗಿದೆ.

"ಯವ್ವಾ, ನಿಮ್ಮ ಸೊಸೀದು ಏನೂ ತಪ್ಪಿಲ್ಲ. ಝಂಡಾ ತಪ್ಪು ಜಾಗದಾಗ ಇತ್ತು. ಇಟ್ಟಾಂವ ನಾ. ತಪ್ಪೈತಿ ಅಂತ ಒಬ್ಬಾಂವ ಹೇಳಿದ್ರೂ ನಾ ತಗೀಲಿಲ್ಲ. ನಿಮ್ಮ ಸೊಸೀನ ಹೊರಗ ತಂದಾಂವ ಅಂವನ."

ಮುದುಕಿ ನನ್ನನ್ನು ನೋಡಿದ ನೋಟವನ್ನು ಬರೆಯಲಾರೆ. ಆದರೆ ಬಾಗಿಲು ತೆರೆದು, "ಬಾರವಾ, ಒಳಗ ಕೂಡ್ರು ಬಾ" ಎಂದು ಸೊಸೆಯನ್ನು ಕರೆದರು. ಅವರ ಮಾತು ಮತ್ತೆ ಶುರುವಾದದ್ದನ್ನು ನಾನು ಕೇಳಿದೆ.

ಅಲ್ಲಿಂದ ಬಸ್ ಹಿಡಿದು ಸೀದಾ ಸೆಕ್ಟರ್ ಆಫೀಸಿಗೆ ಹೋದೆ. ಹೆಸರು ಬರೆದು ಬಾವುಟವನ್ನು ನಾನೇ ನೆಡುತ್ತಿದ್ದ ಅಭ್ಯಾಸ, ಹನ್ನೊಂದು ಗಂಟೆಯ ಮಾತು, ಸುಳ್ಳು ನಮೂದು, ಎಲ್ಲವನ್ನೂ ನನ್ನ ಕೈಯಾರೆ ಬರೆದು ಸಹಿ ಮಾಡಿದೆ. ಯಾಕೆ ಸರಿಸಲಿಲ್ಲ ಎಂದು ಸಾಹೇಬರು ಕೇಳಿದರು. ಅವನು ಹೇಳಿದನೆಂಬ ಕಾರಣಕ್ಕೇ ಸರಿಸಲಿಲ್ಲ ಎಂದೆ. ಇನ್‌ಚಾರ್ಜ್ ಪಟ್ಟ ಹೋಯಿತು, ಒಂದು ತಿಂಗಳು ಮನೆಯಲ್ಲಿ ಕೂರಿಸಿದರು. ನನ್ನ ಜಾಗಕ್ಕೆ ಮೈಬೂಬ ಬಂದ.

ಆ ತಿಂಗಳಲ್ಲಿ ಒಂದು ಸಂಜೆ ಅವನ ಮನೆಗೆ ಹೋದೆ. ಸಾಹೇಬರೆದುರು ಯಾಕೆ ಬಾಯಿ ಬಿಡಲಿಲ್ಲವೆಂದು ಕೇಳಿದೆ.

"ನಾ ಹೇಳಿದ್ರ ನೀವು ಇಲ್ಲ ಅಂತಿದ್ರಿ ಅಣ್ಣಾ" ಎಂದ. "ಒಮ್ಮೆ ಇಲ್ಲ ಅಂದ ಮ್ಯಾಲೆ ನಿಮಗ ಖರೇ ಹೇಳಾಕ ಬರ್ತಿರಲಿಲ್ಲ. ಎಂಟ್ ದಿನ ನೋಡೂಣು ಅಂತ ಸುಮ್ನ ಕುಂತೆ."

ಅಂದರೆ ನೀರನ್ನು ಓದಿದಂತೆ ನನ್ನನ್ನೂ ಓದಿದ್ದ. ಮೈಯೆಲ್ಲ ಮತ್ತೆ ಉರಿಯಿತು.

ತಿಂಗಳು ಕಳೆದು ಸಾದಾ ಗಾರ್ಡ್ ಆಗಿ ಕೆಲಸಕ್ಕೆ ಹಾಜರಾದೆ. ಏಳೂವರೆ. ಮೈಬೂಬ ಎರಡೂ ಬಾವುಟಗಳನ್ನು ಹೆಗಲ ಮೇಲಿಟ್ಟುಕೊಂಡು ಮರಳಿನಲ್ಲಿ ನನಗಾಗಿ ಕಾಯುತ್ತಿದ್ದ. ಉಳಿದ ಮೂವರೂ ಅಲ್ಲೇ ಇದ್ದರು. ಅವರ ಎದುರಿಗೇ ಕೇಳಿದ:

"ಅಣ್ಣಾ, ನೀರು ನೋಡಿ ಹೇಳ್ರಿ. ಇವತ್ತ ಝಂಡಾ ಎಲ್ಲಿ ನೆಡೂಣು?"

ಹದಿನಾಲ್ಕು ವರ್ಷದಲ್ಲಿ ಈ ಪ್ರಶ್ನೆಯನ್ನು ನಾನು ಒಬ್ಬರಿಗೂ ಕೇಳಿರಲಿಲ್ಲ. ನಾನು ನೀರಿನಂಚಿಗೆ ಹೋಗಿ ಕಾಲು ಗಂಟೆ ನಿಂತು ನೋಡಿದೆ. ನೊರೆ ಎಲ್ಲಿ ಒಳಕ್ಕೆ ಹೋಗುತ್ತಿದೆ, ಅಲೆ ಎಲ್ಲಿ ಒಡೆಯುತ್ತಿಲ್ಲ. ಕೈತೋರಿಸಿದೆ. ಅವನು ನೋಡಿ, ಹೌದೆಂದು ತಲೆಯಾಡಿಸಿ, ನೆಟ್ಟ.

ಈಗ ನಾನು ಹೊಸದಾಗಿ ಸೇರುವವರಿಗೆ ತರಬೇತಿ ಕೊಡುತ್ತೇನೆ. ಮೊದಲ ದಿನ ಒಂದೇ ಪಾಠ. ಸೆಳವು ಬಂದಿದೆ ಎಂದು ಯಾರಾದರೂ ಹೇಳಿದರೆ ಹೇಳಿದವನ ಮುಖ ನೋಡಬೇಡಿ, ನೀರು ನೋಡಿ. ಪಾಠ ಮುಗಿದ ಮೇಲೆ ಅವರು ನನ್ನನ್ನು ಕೇಳುತ್ತಾರೆ, ನೀವು ನೋಡಿದವರಲ್ಲಿ ಎಲ್ಲರಿಗಿಂತ ಒಳ್ಳೆಯ ಲೈಫ್‌ಗಾರ್ಡ್ ಯಾರು ಎಂದು. ಮೈಬೂಬ ಎನ್ನುತ್ತೇನೆ. ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ಆದರೂ ಹೆಸರು ಹೇಳುತ್ತೇನೆ.