ಜ್ಯಾಕ್ ಬರೆಸಿದ್ದು, ನಾನು ಓದದೆ ಬಿಟ್ಟದ್ದು

ಒಬ್ಬ ಮುದುಕರ ತಪ್ಪೊಪ್ಪಿಗೆಯನ್ನು ನಾನು ಕತ್ತರಿಸಿ ಹಾಕಿದೆ. ಅವರಿಗೆ ಮಾತು ನಿಂತುಹೋದ ಮೇಲೆ, ಅವರೆದುರೇ ನಿಂತು, ಅದಿಲ್ಲದ ಬರಹವನ್ನು ಅವರದೇ ಮಾತೆಂದು ಓದಿದೆ. ಐದು ವರ್ಷವಾಯಿತು.

ಆಗ ನಾನು ಪರದೇಶದಲ್ಲಿ, ಅಪ್ಪರ್ ಹಟ್ ಎಂಬ ಊರಿನ ಒಂದು ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸದಲ್ಲಿದ್ದೆ. ಜ್ಯಾಕ್ ಅಲ್ಲಿದ್ದರು. ಮಹಾಯುದ್ಧ ಮುಗಿದ ಎರಡನೆಯದೋ ಮೂರನೆಯದೋ ವರ್ಷ — ಅವರೇ ಒಮ್ಮೆ ಹೀಗೆ, ಒಮ್ಮೆ ಹಾಗೆ ಹೇಳುತ್ತಿದ್ದರು — ಅವರ ಶಾಲೆಯ ಫುಟ್‌ಬಾಲ್ ತಂಡ ಒಂದೂ ಪಂದ್ಯ ಸೋಲಲಿಲ್ಲ. ಹನ್ನೊಂದು ಹುಡುಗರಿಗೆ ಆಟದ ಬೂಟು ಏಳೇ ಜೊತೆ. ಉಳಿದವರದು ಅಣ್ಣಂದಿರು ಯುದ್ಧದಿಂದ ತಂದದ್ದು, ತುದಿಗೆ ಕಾಗದ ತುರುಕಿದ್ದು. ಮೊದಲು ಮೈದಾನದಿಂದ ಕುರಿ ಅಟ್ಟಬೇಕು, ಆಮೇಲೆ ಆಟ. ಗೆದ್ದ ಮೇಲೆ ಎದುರಾಳಿಗಳ ಸೈಕಲ್ಲಿಗೆ ಗಾಳಿ ಹಾಕಿಕೊಟ್ಟು ಕಳಿಸುತ್ತಿದ್ದರಂತೆ. ಆ ಹುಡುಗರನ್ನು ಮೆಚ್ಚಿದೆ — ಈಗಲೂ ಮೆಚ್ಚುತ್ತೇನೆ.

ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಓದಲೆಂದು ಜ್ಯಾಕ್ ಆ ಕಥೆಯನ್ನು ನನ್ನಿಂದ ಬರೆಸಿದರು. ಕೊನೆಯ ಪ್ಯಾರಾ ಇದು: ಅಂತಿಮ ಪಂದ್ಯದಲ್ಲಿ ಎದುರು ತಂಡದ ಕಾಲಿನ್ ಹೊಡೆದ ಚೆಂಡು ಗೋಲಿನ ಗೆರೆ ದಾಟಿತ್ತು. ಜ್ಯಾಕ್ ಅದನ್ನು ಹೊರಗೊದ್ದರು. ರೆಫ್ರಿ ಕೇಳಿದಾಗ "ದಾಟಿಲ್ಲ ಸರ್" ಎಂದರು. ಸುಳ್ಳುಗಾರ ಎಂದು ಕೂಗಾಡಿದ ಕಾಲಿನ್‌ನನ್ನು ಹೊರಗೆ ಕಳಿಸಲಾಯಿತು. ಅವನ ಶಾಲೆ ಮತ್ತೆಂದೂ ಅವನನ್ನು ಆಡಿಸಲಿಲ್ಲ.

"ಇದೊಂದನ್ನ ಬಿಡಬೇಡ, ಡಿಯರ್. ಕಾಲಿನ್‌ನನ್ನೂ ಕರೆಸಿದೀನಿ. ಮಿಕ್ಕಿದ್ದೆಲ್ಲ ಇದಕ್ಕೋಸ್ಕರ."

ಮರುವಾರ ಲಕ್ವ ಹೊಡೆದು ಅವರ ಮಾತೂ ಬಲಗೈಯೂ ಹೋದವು.

ನಾನು ಧಾರವಾಡದ ಕಡೆಯವಳು. ಹಿರಿಯರನ್ನು ಕೂಡಿಸಿ ಓದುವ ಬರಹವೆಂದರೆ ನನಗೆ ಒಂದೇ — ಸನ್ಮಾನಪತ್ರ. ಮನೆ ಹಂಚಿಕೊಂಡಿದ್ದ ಹುಬ್ಬಳ್ಳಿಯ ಗೆಳತಿ ಶಕೀಲಾಳನ್ನು ಕೇಳಿದೆ. "ಹುಚ್ಚಿ ಅದೀಯೇನವಾ? ಸನ್ಮಾನದಾಗ ಯಾರರ ತಪ್ಪು ಓದತಾರ? ಶಾಲ್ ಹೊಚ್ಚಿ ಕಪಾಳಕ್ಕ ಹೊಡದಂಗ ಅಕ್ಕೈತಿ!" ಇಬ್ಬರೂ ನಕ್ಕೆವು. ಅವಳದು ಮಾತಷ್ಟೇ, ಕತ್ತರಿಸಿದ ಕೈ ನನ್ನದು.

ಕೂಟದ ದಿನ ಹೊರಗೆ ಬಿಸಿಲಿತ್ತು — ಇರಲಿಲ್ಲವೇನೋ. ಇತ್ತೆಂದು ಬರೆದರೆ ಆ ದಿನ ಒಪ್ಪವಾಗಿ ಕಾಣುತ್ತದೆ, ಆ ಚಾಳಿ ನನಗಿನ್ನೂ ಹೋಗಿಲ್ಲ. ಇಷ್ಟು ಮಾತ್ರ ಖಂಡಿತ: ಚಪ್ಪಾಳೆಯ ನಡುವೆ ಜ್ಯಾಕ್ ಎಡಗೈಯಿಂದ ಕಾಗದ ಕಿತ್ತುಕೊಂಡು ಹಿಂದೆ ಮುಂದೆ ತಿರುಗಿಸಿ ಹುಡುಕಿದರು. ಭಾವುಕರಾಗಿದ್ದಾರೆ ಎಂದು ಜನರಿಗೆ ಹೇಳಿದೆ. ನನಗೆ ಗೊತ್ತಿತ್ತು.

ಕಾಲಿನ್ ಊರುಗೋಲೂರಿ ಹತ್ತಿರ ಬಂದರು. "ಅವತ್ತು ನಿನ್ನ ಸುಳ್ಳುಗಾರ ಅಂದಿದ್ದೆ ಕಣೋ, ಮುದಿಯ. ಕ್ಷಮಿಸಿಬಿಡು. ನನ್ನ ಕಣ್ಣೇ ನನಗೆ ಮೋಸ ಮಾಡಿರಬೇಕು."

ಜ್ಯಾಕ್ ತಲೆಯಾಡಿಸಿದರು — ಇಲ್ಲ, ಇಲ್ಲ, ಇಲ್ಲ. ಕಾಲಿನ್ ಅದನ್ನು ದೊಡ್ಡತನವೆಂದುಕೊಂಡು ಅವರ ಭುಜ ತಟ್ಟಿದರು. ನಾನು ಪಕ್ಕದಲ್ಲೇ ಇದ್ದೆ. ಒಂದು ವಾಕ್ಯ ಸಾಕಿತ್ತು.

ಆ ಚಳಿಗಾಲದಲ್ಲಿ ಜ್ಯಾಕ್ ತೀರಿಕೊಂಡರು. ಸೋಲರಿಯದ ಆ ತಂಡಕ್ಕಿಂತ, ಎಂಬತ್ತು ದಾಟಿದ ಮೇಲೆ ತನ್ನ ಗೆಲುವನ್ನು ತಾನೇ ಹಿಂದಿರುಗಿಸಲು ಹೊರಟ ಆ ಮನುಷ್ಯ ನನಗೆ ದೊಡ್ಡವರು. ಅವರನ್ನು ಕಾಪಾಡುತ್ತಿದ್ದೇನೆ ಎಂದುಕೊಂಡು ನಾನು —

ನಿನ್ನೆ ಜಾನ್ಸನ್‌ವಿಲ್‌ನಲ್ಲಿರುವ ಕಾಲಿನ್‌ರ ಮನೆಗೆ ಫೋನ್ ಮಾಡಿದೆ. ಅವರ ಮಗಳು ಎತ್ತಿದಳು. ಅಪ್ಪನಿಗೆ ಈಗ ಹೆಸರುಗಳು ನೆನಪಿರುವುದಿಲ್ಲ, ನೀವು ಬಂದರೂ ಅವರಿಗೆ ತಿಳಿಯುತ್ತದೋ ಇಲ್ಲವೋ ಎಂದಳು.

ಶನಿವಾರ ಹೋಗುತ್ತೇನೆ. ತಿಳಿಯದಿದ್ದರೂ, ನೀವು ಕಂಡದ್ದು ನಿಜ ಎಂದು ಅವರ ಮಗಳ ಎದುರು ಹೇಳುತ್ತೇನೆ.