ಹೊಸ್ತಿಲು ಬಿಟ್ಟುಕೊಡದ ಕಾಂತಪ್ಪ

ಆಸ್ಟ್ರೇಲಿಯಾದ ಚಳಿಗಾಲ, ಜೂನ್ ತಿಂಗಳ ಕೊರೆಯುವ ಬೆಳಗು. ಮೆಲ್ಬರ್ನ್ ಅಂಚಿನ ವಿಂಡಮ್ ವೇಲ್‌ನ ಹೊಸ ಬಡಾವಣೆಯಲ್ಲಿ ಇನ್ನೂ ಯಾರೂ ಎದ್ದಿಲ್ಲ. ಕಾಂತಪ್ಪನವರ ಗ್ಯಾರೇಜಿನ ಮುಂದೆ ಒಂದು ವಿಚಿತ್ರ ಮನೆ ನಿಂತಿದೆ. ಮೂರು ಗೋಡೆ, ಒಂದು ಕಿಟಕಿ, ಕಂದು ಬಣ್ಣದ ಬಾಗಿಲು, ಚಾವಣಿಯಿಲ್ಲ. ಬಾಗಿಲ ಬುಡದಲ್ಲಿ ಕಾಂತಪ್ಪ ಕಿವಿ ಮುಚ್ಚುವ ಟೋಪಿ ಹಾಕಿಕೊಂಡು, ಗರಗಸ ಹಿಡಿದು ಕೂತಿದ್ದಾರೆ. ಕೂತು ಬಹಳ ಹೊತ್ತಾಗಿದೆ. ಗರಗಸ ಮಾತ್ರ ಇನ್ನೂ ಮರಕ್ಕೆ ತಾಗಿಲ್ಲ.

"ಕೊಯ್ಲಿಕ್ಕೆ ಮನಸ್ಸೇ ಬರುದಿಲ್ಲ ಮಾರಾಯ್ರೆ," ಎಂದು ನೋಡಲು ಬಂದ ನನಗೆ ಹೇಳುತ್ತಾರೆ. "ಹೊಸ್ತಿಲು ಇಲ್ಲದ್ದು ಎಂಥ ಮನೆ? ಅದು ಬಸ್‌ಸ್ಟ್ಯಾಂಡ್."

ಸಿಡ್ನಿಗೆ ಹೋಗುವ ಲಾರಿ ಬರುವುದರೊಳಗೆ ಈ ಹೊಸ್ತಿಲು ಹೋಗಬೇಕು. ಇಲ್ಲದಿದ್ದರೆ ಮನೆಯೇ ಹೋಗುವುದಿಲ್ಲ. ಅಲ್ಲಿನ ನಾಟಕ ಪ್ರದರ್ಶನ ಕರಿ ಪರದೆಯ ಮುಂದೆ ನಾಲ್ಕು ಕುರ್ಚಿ ಹಾಕಿಕೊಂಡು ನಡೆಯುತ್ತದೆ. ಇದು ನಿರ್ದೇಶಕ ಇಂದ್ರೇಶ್ ಅವರ ಕಟ್ಟಪ್ಪಣೆ.

ಕಾರ್ಕಳದ ಕಡೆಯ ಕಾಂತಪ್ಪ, ಹೆಂಡತಿ ಸ್ವರ್ಣಲತಾ ಅವರಿಗೆ ನರ್ಸ್ ಕೆಲಸ ಸಿಕ್ಕಿದ್ದರಿಂದ ಈ ದೇಶಕ್ಕೆ ಬಂದವರು. ಹುಟ್ಟಾ ಬಡಗಿ. ಆದರೆ ಇಲ್ಲಿನ ಸರ್ಟಿಫಿಕೇಟ್ ಇಲ್ಲವೆಂದು ಮೊದಮೊದಲು ಯಾರೂ ಉಳಿ ಮುಟ್ಟಲು ಬಿಡಲಿಲ್ಲ. ಕೋಳಿ ಫ್ಯಾಕ್ಟರಿಯಲ್ಲಿ ಪೆಟ್ಟಿಗೆ ಹೊತ್ತರು. ಆ ದಿನಗಳಲ್ಲಿ ಅವರ ಕೈಗೆ ಮರ ಸಿಕ್ಕಿದ್ದು ಮೆಲ್ಬರ್ನ್‌ನ ಕನ್ನಡ ನಾಟಕ ತಂಡದಲ್ಲಿ ಮಾತ್ರ. ಈಗ ವೆರಿಬೀ ಸುತ್ತ ಏಳುತ್ತಿರುವ ಮನೆಗಳಿಗೆ ಅಡುಗೆಮನೆಯ ಕಪಾಟು ಕೂರಿಸುವ ಖಾಯಂ ಕೆಲಸವಿದೆ. ಆದರೂ ಶನಿವಾರ ಬಂತೆಂದರೆ ತಂಡಕ್ಕೆ ಅರಮನೆ, ಜೈಲು, ಪೊಲೀಸ್ ಠಾಣೆ, ಕೇಳಿದ್ದನ್ನೆಲ್ಲ ಕಟ್ಟಿಕೊಡುತ್ತಾರೆ. ಕರಪತ್ರದಲ್ಲಿ ಮಾತ್ರ 'ರಂಗಸಜ್ಜಿಕೆ: ಗೆಳೆಯರ ಬಳಗ' ಎಂದಿರುತ್ತದೆ. ಆ ಬಳಗದಲ್ಲಿ ಇರುವುದು ಇವರೊಬ್ಬರೇ.

"ಅರಮನೆ ಒಳಗಿಡ್ಲಿಕ್ಕೆ ನನ್ನ ಕಾರನ್ನು ಹೊರಗೆ ಹಾಕಿದ್ರು," ಎಂದು ಚಹಾ ತಂದ ಸ್ವರ್ಣಲತಾ ದೂರುತ್ತಾರೆ. "ಆಲಿಕಲ್ಲು ಬಿದ್ದು ಬಾನೆಟ್ ಇಡೀ ಹೊಂಡ. ಅರಮನೆಗೆ ಎಂಥದೂ ಆಗ್ಲಿಲ್ಲ."

ಈ ಸಲ ತಂಡ ಕೈಗೆತ್ತಿಕೊಂಡದ್ದು ಅಮೆರಿಕದ ಹಳೆಯ ಕುಟುಂಬ ನಾಟಕವೊಂದನ್ನು. ಊರು, ಹೆಸರು, ಕೋಟು ಎಲ್ಲ ಅಲ್ಲಿಯದೇ. ಮಾತು ಮಾತ್ರ ಕನ್ನಡ. ಕೊನೆಯಲ್ಲಿ ಮನೆಯ ಯಜಮಾನ ಎಲ್ಲರೊಡನೆ ಜಗಳವಾಡಿ, ಇನ್ನೆಂದೂ ಬಾರದಂತೆ ಹೊರಟುಹೋಗುತ್ತಾನೆ. ಆ ಬಾಗಿಲಿಗೆ ಕಾಂತಪ್ಪ ಯಾರೂ ಕೇಳದಿದ್ದರೂ ಹೊಸ್ತಿಲು ಕೂರಿಸಿ, ಮುಂದೊಂದು ಕಾಲೊರಸು ಹಾಸಿದರು. ಎಡವಟ್ಟಾಗಿದ್ದು ಅಲ್ಲೇ. ಯಜಮಾನನ ಪಾತ್ರ ಮಾಡುವ ದಾವಣಗೆರೆಯ ರುದ್ರಪ್ಪ ಮೊದಲ ತಾಲೀಮಿನಲ್ಲೇ ಬೂಟು ಬಿಚ್ಚಿಟ್ಟು ಒಳಗೆ ಬಂದರು. ಹಿಂದೆ ಮಗನ ಪಾತ್ರಧಾರಿ, ಅವನ ಹಿಂದೆ ನೆರೆಮನೆಯವನು. ಅಮೆರಿಕದ ಮನೆಯ ಮುಂದೆ ಮದುವೆ ಮನೆಯ ಹಾಗೆ ಚಪ್ಪಲಿ ರಾಶಿ ಬಿತ್ತು.

ಉಳಿದವರು ಹೇಗೋ ತಿದ್ದಿಕೊಂಡರು, ರುದ್ರಪ್ಪನವರಿಂದ ಆಗಲಿಲ್ಲ. ಕಳೆದ ತಿಂಗಳು ಗ್ಲೆನ್ ವೇವರ್ಲಿಯ ಪ್ರದರ್ಶನದಲ್ಲಿ ಅವರು "ಈ ಮನೆಗೆ ಇನ್ನು ಕಾಲಿಡಲಾರೆ!" ಎಂದು ಗುಡುಗಿ, ಬಾಗಿಲಿಗೆ ನಡೆದು, ಕುಕ್ಕರಗಾಲಿನಲ್ಲಿ ಕೂತು ಬೂಟಿನ ಲೇಸು ಕಟ್ಟತೊಡಗಿದರು. ಲೇಸು ಬೇರೆ ಗಂಟು ಬಿದ್ದಿತ್ತು. ಸಭಾಂಗಣವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪ್ರೇಕ್ಷಕರ ನಡುವೆ ಕೂತಿದ್ದ ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಇಂದ್ರೇಶ್ ಮಾತ್ರ ಕೆಂಡವಾಗಿ, ತಪ್ಪನ್ನೆಲ್ಲ ಹೊಸ್ತಿಲ ಮೇಲೆ ಹೊರಿಸಿದರು.

ಅಷ್ಟರಲ್ಲಿ ಕಾರು ಬಂದು ನಿಲ್ಲುತ್ತದೆ. ಇಂದ್ರೇಶ್, ರುದ್ರಪ್ಪ, ಯಜಮಾನನ ಹೆಂಡತಿಯ ಪಾತ್ರದ ವಾಸಂತಿ ಕೈ ಉಜ್ಜಿಕೊಳ್ಳುತ್ತ ಇಳಿಯುತ್ತಾರೆ. ಕಾಂತಪ್ಪ ಗರಗಸ ಬದಿಗಿಟ್ಟು, ಒಂದೊಂದೇ ಸ್ಕ್ರೂ ಬಿಚ್ಚಿ, ಹೊಸ್ತಿಲನ್ನು ಇಡಿಯಾಗಿ ಎತ್ತಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ.

"ಕೊಯ್ಲಿಲ್ಲ. ತೆಗ್ದಿದ್ದೇನೆ. ಆಯ್ತಲ್ಲ? ಇನ್ನು ಮನೆ ಹೋಗ್ತದಲ್ಲ?"

"ಥ್ಯಾಂಕ್ಸ್ ಅಂಕಲ್, ಬೇಜಾರ್ ಮಾಡ್ಕೋಬೇಡಿ. ಅದು ಟ್ರ್ಯಾಜಿಡಿ, ನಮ್ದು ಕಾಮಿಡಿ ಶೋ ಆಗೋಯ್ತು," ಎಂದು ಇಂದ್ರೇಶ್ ಸಮಾಧಾನ ಹೇಳುತ್ತಾರೆ. "ರುದ್ರಪ್ಪನವ್ರೇ, ಲಾಸ್ಟ್ ಸೀನ್ ಒಂದ್ಸಲ ಇಲ್ಲೇ ಟ್ರೈ ಮಾಡ್ಬಿಡೋಣ."

ರುದ್ರಪ್ಪ ಗತ್ತಿನಿಂದ ಬರುತ್ತಾರೆ. ಹೊಸ್ತಿಲು ಇದ್ದ ಜಾಗಕ್ಕೆ ಬಂದವರೇ ಬಗ್ಗಿ ಬೂಟು ಬಿಚ್ಚುತ್ತಾರೆ.

ಇಂದ್ರೇಶ್ ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಾರೆ. "ನಾ ಏನ್ ಮಾಡ್ಲಿ ರೀ?" ರುದ್ರಪ್ಪನವರದು ಅಳು ದನಿ. "ಬಾಗ್ಲಾ ಕಂಡ್ರ ಸಾಕು, ಕಾಲು ತಾನಾ ಬೂಟು ಬಿಚ್ಚತೈತಿ!"

"ಆಗ್ಲಿ, ಮುಗ್ಸಿ," ಎಂದು ಇಂದ್ರೇಶ್ ಕೈಚೆಲ್ಲುತ್ತಾರೆ. ಜಗಳ ನಡೆಯುತ್ತದೆ. ರುದ್ರಪ್ಪ ಗುಡುಗಿ, ಬಾಗಿಲಲ್ಲಿ ಕೂತು, ಚಳಿಗೆ ಮರಗಟ್ಟಿದ ಬೆರಳಲ್ಲಿ ಲೇಸಿಗೆ ತಡಕಾಡುತ್ತಾರೆ. ವಾಸಂತಿಯವರ ಮಾತು ಮುಗಿದಿದೆ. ಏನು ಮಾಡುವುದೆಂದು ತೋಚದೆ ಆ ಬಾಗಿದ ಬೆನ್ನನ್ನೇ ನೋಡುತ್ತ ನಿಂತಿದ್ದಾರೆ. ಒಂದು ಬೂಟು ಆಯಿತು. ಇನ್ನೊಂದೂ ಆಯಿತು. ರುದ್ರಪ್ಪ ಎದ್ದು ನಿಲ್ಲುತ್ತಲೇ, ದಿನಾ ಬೆಳಗ್ಗೆ ಸ್ವಂತ ಗಂಡನಿಗೆ ಹೇಳುವಂತೆ ವಾಸಂತಿಯವರ ಬಾಯಿಂದ ಬಂದುಬಿಡುತ್ತದೆ:

"ಹೋಗಿ ಬನ್ನಿ."

ನಾಟಕದಲ್ಲಿ ಇಲ್ಲದ ಮಾತು. ಇನ್ನೆಂದೂ ಬಾರದಂತೆ ಹೊರಟವನು ತಿರುಗಿ ಅವಳನ್ನೊಮ್ಮೆ ನೋಡುತ್ತಾನೆ. ಈ ಸಲ ನಮಗೆ ಯಾರಿಗೂ ನಗು ಬರುವುದಿಲ್ಲ. ಸ್ವರ್ಣಲತಾ ಸೆರಗಿಲ್ಲದ್ದಕ್ಕೆ ಸ್ವೆಟರಿನ ತೋಳಿನಲ್ಲಿ ಮೂಗು ಒರೆಸಿಕೊಳ್ಳುತ್ತಾರೆ.

ಇಂದ್ರೇಶ್ ಮೆಲ್ಲಗೆ ಹೇಳುತ್ತಾರೆ: "ವಾಸಂತಿ ಆಂಟಿ, ಇದು ಇರ್ಲಿ. ಬೂಟೂ ಇರ್ಲಿ. ಸಿಡ್ನೀಲೂ ಹೀಗೇ ಮಾಡೋಣ." ಆಮೇಲೆ ಕಾಂತಪ್ಪನವರತ್ತ ತಿರುಗುತ್ತಾರೆ. "ಅಂಕಲ್, ಅದನ್ನ ವಾಪಸ್ ಹಾಕ್ಬಿಡಿ."

ಕಾಂತಪ್ಪ ಗೆದ್ದವರ ಹಾಗೆ ಬೀಗುವುದಿಲ್ಲ. ಮೊಣಕಾಲೂರಿ ಸ್ಕ್ರೂ ತಿರುಗಿಸುತ್ತಾರೆ, ಅಲುಗಾಡದಂತೆ ಒಮ್ಮೆ ಒತ್ತಿ ನೋಡುತ್ತಾರೆ. ಬೀದಿಯ ತುದಿಯಲ್ಲಿ ಲಾರಿಯ ಸದ್ದು ಕೇಳುತ್ತಿದೆ.

"ಮನೆ ಬಿಟ್ಟು ಹೋಗುವವನಿಗೂ ದಾಟ್ಲಿಕ್ಕೆ ಎಂಥಾದ್ರೂ ಬೇಕಲ್ಲ ಮಾರಾಯ್ರೆ," ಎನ್ನುತ್ತಾರೆ.