ಚುಕ್ಕಿಗೆರೆಯ ತೋಳು

1998ರಲ್ಲಿ ನಾನು ತುಮಕೂರಿನ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಲ್ಯಾಬ್ ಅಟೆಂಡರ್ ಆಗಿದ್ದೆ. ಎಸ್ಸೆಸ್ಸೆಲ್ಸಿ ಪಾಸು ಮಾಡಿಕೊಂಡು ಗುಬ್ಬಿಯಿಂದ ಬಂದು ಸೇರಿದವನು. ಗಾಜಿನ ಜಾಡಿಗಳಲ್ಲಿಟ್ಟ ಪ್ರಾಣಿಗಳ ದ್ರಾವಣ ಇಳಿಯದಂತೆ, ಮಸುಕಾಗದಂತೆ ನೋಡಿಕೊಳ್ಳುವುದು ನನ್ನ ಮುಖ್ಯ ಕೆಲಸ. ಇನ್ನೂರ ಹನ್ನೆರಡು ಜಾಡಿಗಳಿದ್ದವು. ಅದೇ ವಿಭಾಗದಲ್ಲಿ ನನ್ನ ಒಡಹುಟ್ಟಿದ ಅಕ್ಕ ಜಯಮ್ಮ ಉಪನ್ಯಾಸಕಿ. ಮನೆಯಲ್ಲಿ ಅಕ್ಕ, ಕಾಲೇಜಿನ ಗೇಟು ದಾಟಿದ ಮೇಲೆ ಮೇಡಂ. ಈ ನಿಯಮ ನಾನೇ ಮಾಡಿಕೊಂಡದ್ದು. ಅವಳಿಗೆ ಅದು ನಗು ತರಿಸುತ್ತಿತ್ತು.

ಅಕ್ಕ ತೀರಿಕೊಂಡು ಈಗ ಐದು ತಿಂಗಳಾಯಿತು. ಅವಳ ಬಗ್ಗೆ ಏನಾದರೂ ಬರೆದುಕೊಡಿ ಎಂದು ವಿಭಾಗದವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ವರ್ಷದ ಆಯುಧಪೂಜೆ.

ಏಳು ವರ್ಷದಿಂದ ಅಕ್ಕ ಪಿಎಚ್.ಡಿ.ಗಾಗಿ ಕೆಲಸ ಮಾಡುತ್ತಿದ್ದಳು. ಆಳಸಮುದ್ರದ ಒಂದು ಪುಟ್ಟ ಬಾಬ್‌ಟೇಲ್ ಸ್ಕ್ವಿಡ್‌ನ ದೇಹರಚನೆ ಅವಳ ವಿಷಯ. ಕರಾವಳಿಯವರು ಬೊಂಡಾಸ್ ಎನ್ನುವ ಪ್ರಾಣಿಯ ದೂರದ ನೆಂಟ ಅದು, ಆದರೆ ಹಿಂಭಾಗ ಮೊಂಡು, ಮೈ ದುಂಡಗೆ, ಒಂದು ನೆಲ್ಲಿಕಾಯಿಯಷ್ಟು. ಅವಳ ಜೊತೆ ಓದಿದವರೊಬ್ಬರು ಸಂಶೋಧನಾ ಹಡಗಿನಲ್ಲಿದ್ದರು. ನಾನೂರು ಮೀಟರಿಗೂ ಹೆಚ್ಚು ಆಳದಿಂದ ಎಳೆದ ಬಲೆಯಲ್ಲಿ ಸಿಕ್ಕಿದ ಐದು ಹೆಣ್ಣು, ಒಂದು ಗಂಡನ್ನು ಅವರು ಕಳಿಸಿಕೊಟ್ಟಿದ್ದರು. ಅಷ್ಟೇ ಅವಳ ಬಂಡವಾಳ.

ಐದು ಹೆಣ್ಣುಗಳನ್ನೂ ಅವಳು ಒಂದೊಂದಾಗಿ ಕೊಯ್ದು ಚಿತ್ರ ಬರೆದಿದ್ದಳು. ನಾನು ಪಕ್ಕದಲ್ಲಿ ನಿಂತು ಸೂಜಿ, ಚಿಮುಟ ಕೊಡುತ್ತಿದ್ದೆ. ಮೈಯ ಎರಡು ಕಡೆ ಕಿವಿಯಂತೆ ಎರಡು ರೆಕ್ಕೆ. ತಲೆಯ ಸುತ್ತ ಎಂಟು ತೋಳು, ಬೇಟೆಗೆ ಚಾಚುವ ಎರಡು ಉದ್ದದ ಕೈ. ಮೈಗೆ ಹೋಲಿಸಿದರೆ ಬಹಳ ದೊಡ್ಡ ಕಣ್ಣು. ಹೊಟ್ಟೆಯೊಳಗೆ ಮಸಿಚೀಲ, ಅದಕ್ಕೆ ಅಂಟಿಕೊಂಡು ಬೆಳಕು ಕೊಡುವ ಒಂದು ದುಂಡನೆಯ ಅಂಗ. ಹೃದಯ ಮೂರು: ಎರಡು ಕಿವಿರುಗಳಿಗೆ ಎರಡು, ಉಳಿದ ಮೈಗೆಲ್ಲ ಒಂದು.

"ಮೂರು ಹೃದಯ ಇಟ್ಕೊಂಡು ಏನ್ ಮಾಡ್ತದೆ ಮೇಡಂ ಇಷ್ಟುದ್ದ ಪ್ರಾಣಿ?" ಎಂದು ಒಮ್ಮೆ ಕೇಳಿದ್ದೆ.

"ನಿನ್ನಂಥ ತಮ್ಮ ಇದ್ದಿದ್ರೆ ಮೂರೂ ಸಾಕಾಗ್ತಿರ್ಲಿಲ್ಲ" ಎಂದಿದ್ದಳು.

ಆದರೆ ಇದು ಯಾವ ಜಾತಿ ಎಂದು ಹೇಳಬೇಕಾದರೆ ಹೆಣ್ಣುಗಳು ಸಾಲವು. ಗಂಡಿನ ಮೇಲಿನ ತೋಳುಗಳಲ್ಲಿ ಒಂದು ಉಳಿದವುಗಳಂತೆ ಇರುವುದಿಲ್ಲ. ಬೀಜವನ್ನು ಹೆಣ್ಣಿಗೆ ದಾಟಿಸಲು ಅದು ಬೇರೆಯದೇ ಆಕಾರ ಪಡೆದಿರುತ್ತದೆ. ಅದರ ಮೇಲಿನ ಹೀರುಬಟ್ಟಲುಗಳು ಎಷ್ಟು, ಯಾವ ಸಾಲಿನಲ್ಲಿವೆ ಎನ್ನುವುದರ ಮೇಲೆ ಜಾತಿಯ ತೀರ್ಮಾನ. ಇದು ಹೊಸ ಜಾತಿಯೇ ಇರಬಹುದು ಎಂದು ಅಕ್ಕನಿಗೆ ಅನುಮಾನವಿತ್ತು. ಪ್ರಬಂಧ ಒಪ್ಪಿಸಲು ವಿಶ್ವವಿದ್ಯಾಲಯ ಕೊಟ್ಟಿದ್ದ ಕೊನೆಯ ಗಡುವು ಡಿಸೆಂಬರ್. ಹಬ್ಬದ ರಜೆಗೆ ಮುಂಚಿನ ಸಂಜೆ ಅವಳು ಆ ತೋಳನ್ನು ಬುಡದಲ್ಲಿ ಕತ್ತರಿಸಿ, ಒಣಗದಿರಲೆಂದು ಅದೇ ಜಾಡಿಯ ಸ್ಪಿರಿಟ್‌ನಲ್ಲಿ ಬಿಟ್ಟು ಮನೆಗೆ ಹೋದಳು. ಹಬ್ಬ ಮುಗಿದ ಮೇಲೆ ಮೈಕ್ರೋಸ್ಕೋಪಿನ ಕೆಳಗಿಟ್ಟು ಎಣಿಸುವುದು ಅವಳ ಲೆಕ್ಕಾಚಾರ. ಆಗ ನಾನು ಲ್ಯಾಬಿನಲ್ಲಿರಲಿಲ್ಲ.

ನಮ್ಮಲ್ಲಿ ಆಯುಧಪೂಜೆಯ ದಿನ ಅಟೆಂಡರುಗಳೆಲ್ಲ ಸೇರಿ ಲ್ಯಾಬು ತೊಳೆಯುತ್ತಿದ್ದೆವು. ಮೈಕ್ರೋಸ್ಕೋಪು, ತಕ್ಕಡಿ, ಕತ್ತರಿ, ಕೊನೆಗೆ ಜಾಡಿಗಳು. ಎಲ್ಲಕ್ಕೂ ವಿಭೂತಿ, ಕುಂಕುಮ, ಒಂದೊಂದು ಎಸಳು ಸೇವಂತಿಗೆ. ಅಕ್ಕನ ಬೀರುವಿನಲ್ಲಿದ್ದ ಆ ಒಂದು ಜಾಡಿಯನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ಆ ವರ್ಷ ನನಗೆ ಅದು ಸರಿ ಕಾಣಲಿಲ್ಲ. ಪ್ರಬಂಧ ಒಪ್ಪಿಸುವ ವರ್ಷ. ಅವಳ ಆಯುಧವೊಂದೇ ಕೊಳಕಾಗಿ ಉಳಿಯಬೇಕೆ? ಬೀರು ತೆಗೆದೆ. ಸ್ಪಿರಿಟ್ ಮಸುಕಾಗಿತ್ತು. ಪ್ರಾಣಿಯನ್ನು ಚಿಮುಟದಿಂದ ಎತ್ತಿ ಬಟ್ಟಲಿನಲ್ಲಿಟ್ಟು, ಹಳೆಯದನ್ನು ಸಿಂಕಿಗೆ ಸುರಿದು, ಜಾಡಿ ತೊಳೆದು, ಹೊಸ ಸ್ಪಿರಿಟ್ ತುಂಬಿ, ಪ್ರಾಣಿಯನ್ನು ಮತ್ತೆ ಒಳಗಿಟ್ಟು ಜಾಡಿಗೆ ಕುಂಕುಮ ಹಚ್ಚಿದೆ. ಸುರಿಯುವಾಗ ತಳದಲ್ಲಿ ಅಕ್ಕಿನುಚ್ಚಿನಂಥ ಬಿಳಿ ಚೂರೊಂದು ಜಾರಿಹೋದದ್ದನ್ನು ಕಂಡೆ. ಕಸ ಎಂದುಕೊಂಡೆ.

ಪ್ಯೂನ್ ರಂಗಪ್ಪ ನೋಡಿ ನಕ್ಕ. "ಏನ್ಲಾ ಮಾದೇವ, ಅದ್ಕೂ ಕುಂಕುಮ ಇಕ್ಬುಟ್ಯಾ? ಇನ್ನು ಹಸೆಮಣೆ ಮ್ಯಾಲೆ ಕೂರ್ಸೋದೊಂದು ಬಾಕಿ."

ವಿಜಯದಶಮಿಯ ಮರುದಿನ ಬೆಳಗ್ಗೆ ಅಕ್ಕ ಜಾಡಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಬಹಳ ಹೊತ್ತು ಹಿಡಿದಿದ್ದಳು.

"ಸ್ಪಿರಿಟ್ ಬದಲಾಯಿಸಿದ್ಯಾ?"

"ಹೂಂ ಮೇಡಂ. ಮಸುಕಾಗಿತ್ತು."

"ಹಳೇದು?"

"ಸಿಂಕಿಗೆ."

ಅವಳು ಸ್ಟೂಲಿನ ಮೇಲೆ ಕೂತಳು. "ತಳದಲ್ಲಿ ಒಂದು ಚೂರಿತ್ತಲ್ಲೋ ಮಾದೇವ" ಎಂದಳು. ಅದೇನೆಂದು ಆಮೇಲೆ ಹೇಳಿದಳು.

ಆಮೇಲಿನ ಎರಡು ದಿನ ನಾನು ಊಟ ಮಾಡಿದ ನೆನಪಿಲ್ಲ. ಸಿಂಕಿನ ಕೆಳಗಿನ ಬಾಗುಪೈಪು ಬಿಚ್ಚಿ, ಬಂದದ್ದನ್ನೆಲ್ಲ ಬಿಳಿ ಪಂಚೆಯಲ್ಲಿ ಸೋಸಿದೆವು. ಕಪ್ಪೆಯ ಮೂಳೆ, ಜಿರಳೆಯ ಕಾಲು, ಸೇವಂತಿಗೆ ಎಸಳು. ಬಿಳಿಯಾಗಿ ಕಂಡದ್ದನ್ನೆಲ್ಲ ಅಕ್ಕ ಮೈಕ್ರೋಸ್ಕೋಪಿಗೆ ಇಡುತ್ತಿದ್ದಳು. ಸುಣ್ಣ. ಮೇಣ. ಅನ್ನದ ಅಗುಳು. ಹಬ್ಬದ ದಿನ ಅದೇ ಸಿಂಕಿಗೆ ನಾವು ಸುರಿದ ಬಕೆಟ್‌ಗಳಿಗೆ ಲೆಕ್ಕವಿರಲಿಲ್ಲ. ಹೊರಗಿನ ಗುಂಡಿಗೆ ಇಳಿದು ಮೊಣಕಾಲುದ್ದದ ಕೆಸರನ್ನು ತೋಡಿ ತೋಡಿ ಸೋಸಿದೆ. ನಗುತ್ತಿದ್ದ ರಂಗಪ್ಪನೂ ಪಂಚೆ ಎತ್ತಿಕಟ್ಟಿ ಇಳಿದ. ಎರಡನೆಯ ದಿನ ಮಧ್ಯಾಹ್ನ ಅವನೇ ನನ್ನ ರಟ್ಟೆ ಹಿಡಿದು, "ಬುಡು ಮಾದೇವ, ಸಿಕ್ಕಾಕಿಲ್ಲ" ಎಂದ. ನಾನು ಬಿಡಲಿಲ್ಲ. ಅಕ್ಕ ಬಂದು ಗುಂಡಿಯ ಅಂಚಿನಲ್ಲಿ ನಿಂತು, "ಮೇಲಕ್ಕೆ ಬಾ" ಎಂದ ಮೇಲೆ ಬಂದೆ.

ಉಳಿದದ್ದು ಒಂದೇ ದಾರಿ. ತೋಳು ಕತ್ತರಿಸುವುದಕ್ಕೆ ಮುಂಚೆ, ಬೇಸಿಗೆಯಲ್ಲಿ, ಕುಣಿಗಲ್ಲಿನ ಸ್ಟುಡಿಯೋ ಒಂದರಲ್ಲಿ ಪ್ರಾಣಿಯ ಫೋಟೋ ತೆಗೆಸಿದ್ದೆವು. ಹತ್ತಿರದಿಂದ ತೆಗೆಯುವ ಲೆನ್ಸ್ ಅಲ್ಲಿನ ಬಸವರಾಜುವಿನ ಬಳಿ ಇತ್ತು. ಮರುದಿನ ಮೊದಲ ಬಸ್ಸಿಗೇ ಹೋದೆ.

"ಬನ್ರಿ, ಆ ಕಣ್ಣುಗುಡ್ಡೆ ಪ್ರಾಣಿ ಕಡೆಯೋರಲ್ವಾ?" ಎಂದ ಬಸವರಾಜು. "ಮದ್ವೆ ಗಂಡಿಗೂ ನಾನು ಅಷ್ಟೊತ್ತು ಲೈಟ್ ಹಾಕಿಲ್ಲ ಸಾಮಿ."

ಮೂರು ಫೋಟೋ ಇದ್ದವು. ಎರಡರಲ್ಲಿ ಆ ತೋಳು ಉಳಿದ ತೋಳುಗಳ ಅಡಿಗೆ ಮಡಚಿಕೊಂಡಿತ್ತು. ಮೂರನೆಯದರಲ್ಲಿ ಮೇಲಿತ್ತು, ಆದರೆ ಸರಿಯಾಗಿ ಅದರ ಮೇಲೆ ಒಂದು ಬಿಳಿ ಮಚ್ಚೆ.

"ಗಾಜಿಗೆ ಫ್ಲಾಶ್ ಹೊಡ್ದೈತೆ" ಎಂದ.

"ಇದನ್ನೇ ದೊಡ್ಡದು ಮಾಡ್ಕೊಡಿ."

"ಬಿಳೀನ ದೊಡ್ದು ಮಾಡುದ್ರೆ ದೊಡ್ ಬಿಳಿ ಆಯ್ತದೆ ಕಣ್ರೀ, ಅಷ್ಟೇಯ." ನನ್ನ ಮುಖ ನೋಡಿದವನು ಮತ್ತೆ ತಮಾಷೆ ಮಾಡಲಿಲ್ಲ. ಒಳಗೆ ಹೋಗಿ ದೊಡ್ಡದು ಮಾಡಿಕೊಟ್ಟ. ಅವನು ಹೇಳಿದಂತೆಯೇ ಇತ್ತು.

ಸಂಜೆ ತುಮಕೂರಿಗೆ ಮರಳಿ, ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ಅಕ್ಕನ ಮುಂದೆ ಅದನ್ನಿಟ್ಟು ಅತ್ತುಬಿಟ್ಟೆ. "ನೀನು ಏಳು ವರ್ಷ ದಿನಾ ನೋಡಿದೀಯ ಅಕ್ಕ. ನೆನಪಿನ ಮೇಲೆ ಬರ್ದುಬಿಡು. ಎಂಟು ಬಟ್ಲೋ ಹತ್ತೋ ಹಾಕು. ಯಾರಿಗೆ ಗೊತ್ತಾಗ್ತದೆ?"

"ನೋಡಿದೀನಿ ಕಣೋ. ಎಣಿಸಿಲ್ಲ."

"ನಾನು ಮಾಡಿದ ತಪ್ಪಿಗೆ ನಿನ್ನ ಏಳು ವರ್ಷ ಹೋಗ್ತದಲ್ಲ!"

"ಈಗ ಸುಳ್ಳು ಬರೆದ್ರೆ ಆ ಐದು ಹೆಣ್ಣಿನ ಚಿತ್ರನೂ ಸುಳ್ಳಾಗ್ತದೆ." ಅಷ್ಟು ಹೇಳಿ ಒಳಗೆ ಹೋದಳು. ಅವಳು ಅತ್ತಳೋ ಇಲ್ಲವೋ ನನಗೆ ಗೊತ್ತಿಲ್ಲ.

ನವೆಂಬರಿನಲ್ಲಿ ಅವಳು ಆ ಗಂಡಿನ ಪೂರ್ಣ ಚಿತ್ರ ಬರೆದಳು. ದೇಹರಚನೆಯ ಚಿತ್ರಗಳಲ್ಲಿ ಒಂದು ಕಟ್ಟುಪಾಡಿದೆ. ಕಣ್ಣಾರೆ ನೋಡಿ ಅಳೆದದ್ದಕ್ಕೆ ತುಂಬುಗೆರೆ, ಇರಬೇಕು ಎಂದು ತಿಳಿದೂ ಪರೀಕ್ಷಿಸಲಾಗದ್ದಕ್ಕೆ ಚುಕ್ಕಿಗೆರೆ. ಏಳು ತೋಳುಗಳನ್ನು ಒಂದೊಂದು ಹೀರುಬಟ್ಟಲನ್ನೂ ಬಿಡದೆ ತುಂಬುಗೆರೆಯಲ್ಲಿ ಬರೆದು, ಎಂಟನೆಯದನ್ನು ಚುಕ್ಕಿಗಳಲ್ಲಿ ಸುತ್ತಿ ಖಾಲಿ ಬಿಟ್ಟಳು. ಕೆಳಗೆ, 'ಮಾದರಿಯ ಈ ತೋಳು ನಷ್ಟವಾಗಿದೆ' ಎಂದು ಒಂದು ಸಾಲು. ಯಾರಿಂದ ಎಂದು ಬರೆಯಲಿಲ್ಲ. ವಿಭಾಗದ ಮುಖ್ಯಸ್ಥರು ಕೇಳಿದಾಗ, "ನಾನು ಜೋಪಾನ ಮಾಡ್ಲಿಲ್ಲ ಸರ್" ಎಂದಳು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಒಂದೂವರೆ ವರ್ಷದ ಮೇಲೆ ಡಿಗ್ರಿ ಬಂತು. ಜಾತಿಯ ಹೆಸರಿರಬೇಕಾದ ಜಾಗದಲ್ಲಿ 'ನಿರ್ಧರಿಸಲಾಗಿಲ್ಲ' ಎಂದೇ ಇದೆ. ಇನ್ನೊಂದು ಗಂಡು ಅವಳಿಗೆ ಸಿಗಲಿಲ್ಲ. ಸಿಗಬಹುದೆಂದು ಅವಳು ಕಾದಷ್ಟೂ ವರ್ಷ ನಾನು ಆಯುಧಪೂಜೆಗೆ ಲ್ಯಾಬು ತೊಳೆಯಲು ಹೋಗಲಿಲ್ಲ.

ಹೋದ ವರ್ಷ ಅವಳ ಹೃದಯ ಸೋತಿತು. ಆಸ್ಪತ್ರೆಯಲ್ಲಿ ನನ್ನನ್ನು ನೋಡಿ, "ನಮಗೆ ಇರೋದೇ ಒಂದು ನೋಡು, ಅದೂ ಕೈ ಕೊಡ್ತು" ಎಂದು ನಕ್ಕಳು. ಮರುದಿನ ನಾನು ಬಟ್ಟೆ ತರಲು ಗುಬ್ಬಿಯ ನಮ್ಮ ಹಳೆಯ ಮನೆಗೆ ಹೋಗಿ ಹಿಂತಿರುಗುವಷ್ಟರಲ್ಲಿ ಇಪ್ಪತ್ತು ನಿಮಿಷ ತಡವಾಗಿತ್ತು. ಹನ್ನೊಂದನೆಯ ದಿನ ಚಿಕ್ಕಮ್ಮ, "ಕೊನೇಲಿ ಮಾದೇವ ಮಾದೇವ ಅಂತಿದ್ಲಂತೆ ಕಣಪ್ಪ" ಎಂದರು. ಅದು ನಿಜವಾಗಿರಲಿ ಎಂದು ನಾನು ಎಷ್ಟು ಬಯಸಿದೆನೋ ಹೇಳಲಾರೆ. ನರ್ಸನ್ನು ಹುಡುಕಿಕೊಂಡು ಹೋಗಿ ಕೇಳಿದೆ. ಆ ಹೊತ್ತಿನಲ್ಲಿ ತಾನು ಪಕ್ಕದ ವಾರ್ಡಿನಲ್ಲಿದ್ದೆ, ಕೋಣೆಯಲ್ಲಿ ಯಾರೂ ಇರಲಿಲ್ಲ ಎಂದರು.

ಮೂವತ್ತು ವರ್ಷದ ನೌಕರಿ ನನಗೆ ಕಲಿಸಿದ್ದು ಆ ಎರಡು ಗೆರೆಗಳ ವ್ಯತ್ಯಾಸ ಮಾತ್ರ. ಯಾರೂ ನೋಡದ ಅವಳ ಆ ಕೊನೆಯ ಗಳಿಗೆಯನ್ನು ಇಲ್ಲಿ ಚುಕ್ಕಿಗೆರೆಯಲ್ಲಿ ಬಿಡುತ್ತಿದ್ದೇನೆ. ಅವಳು ಖಾಲಿ ಬಿಟ್ಟ ಇನ್ನೊಂದು ಜಾಗಕ್ಕೆ ಮಾತ್ರ ನಾನು ಕಣ್ಣಾರೆ ಕಂಡ ಸಾಕ್ಷಿ. ಆ ತೋಳನ್ನು ಸಿಂಕಿಗೆ ಸುರಿದವನು ಅವಳ ತಮ್ಮ, ಲ್ಯಾಬ್ ಅಟೆಂಡರ್ ಮಾದೇವ.